ಮಗ ಮನೆಯಲ್ಲೇ ರೇಲ್‌ಗನ್ ಕಟ್ಟುತ್ತಿದ್ದಾನೆ, ಏನು ಮಾಡಲಿ?

ಪ್ರಶ್ನೆ: ನಾವು ಕರ್ನೂಲು ಜಿಲ್ಲೆಯ ಆದೋನಿ ಹತ್ತಿರದ ಹಳ್ಳಿಯವರು. ಮನೆಮಾತು ಕನ್ನಡ. ನಾನು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಮಗನಿಗೆ ಹದಿನಾರು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಇಂಟರ್ (ಪಿಯುಸಿ) ಮೊದಲ ವರ್ಷ, ಎಂಪಿಸಿ ಅಂದರೆ ಗಣಿತ, ಭೌತ, ರಸಾಯನ. ಅವನಿಗೆ ಯುದ್ಧದ ವಿಡಿಯೋ ಗೇಮ್ ಹುಚ್ಚು. ಆಡುವುದಕ್ಕಿಂತ ಜಾಸ್ತಿ ಹೊತ್ತು ಅದರ ಬಗ್ಗೆ ಗೆಳೆಯರ ಗುಂಪಿನಲ್ಲಿ ಮಾತಾಡುತ್ತಾನೆ: ಲೇಸರ್, ರೇಲ್‌ಗನ್ (ಮದ್ದಿಲ್ಲದೆ ಕರೆಂಟಿನ ಬಲದಿಂದಲೇ ಗುಂಡು ಚಿಮ್ಮಿಸುವ ಅಸ್ತ್ರ), ನಡೆಯುವ ಟ್ಯಾಂಕು. ನಮ್ಮ ಜಿಲ್ಲೆಯಲ್ಲೇ ಲೇಸರ್ ಅಸ್ತ್ರದ ಪರೀಕ್ಷೆ ಆದಮೇಲಂತೂ ಕೇಳುವಂತಿಲ್ಲ. ಈಗ ರಿಪೇರಿ ಅಂಗಡಿಯಿಂದ ಕರೆಂಟ್ ಕೂಡಿಡುವ ಹಳೇ ಕೆಪಾಸಿಟರ್ ತಂದು, ಪಿವಿಸಿ ಪೈಪಿಗೆ ತಾಮ್ರದ ತಂತಿ ಸುತ್ತಿ, ಮೊಳೆ ಹಾರಿಸಿ ಎಣ್ಣೆ ಡಬ್ಬಿಯ ತಗಡು ತಗ್ಗಾಗಿಸಿದ್ದಾನೆ. '12 ವೋಲ್ಟಿನ ಬ್ಯಾಟರಿ ಅಪ್ಪ, ಶಾಕ್ ಹೊಡೆಯಲ್ಲ' ಅನ್ನುತ್ತಾನೆ. ಮುಂದಿನದಕ್ಕೆ ಕೆಟ್ಟ ಮೈಕ್ರೋವೇವ್ ಓವನ್ ಒಂದು ತಂದಿಟ್ಟಿದ್ದಾನೆ. ಆನ್‌ಲೈನಿನಲ್ಲಿ ಹಸಿರು ಲೇಸರ್ ಪೆನ್ನು ತರಿಸಿದ್ದಾನೆ. ರಜೆಗೆ ಗೆಳೆಯನ ಡ್ರೋನ್ ತಗೊಂಡು ಓರ್ವಕಲ್ಲು ಕಡೆ ಹೋಗಿ ಪರೀಕ್ಷೆ ನಡೆದ ಜಾಗದ ವಿಡಿಯೋ ಮಾಡುತ್ತಾರಂತೆ. ಪಕ್ಕದ ಮನೆಯವರು ಪೊಲೀಸ್ ಕೇಸಾಗುತ್ತೆ ಅಂತಾರೆ. ನನ್ನ ಭಾವ ಹುಡುಗನ ಪ್ರತಿಭೆ, ಬಿಡು ಅಂತಾನೆ. ಅವನು ಹೇಳುವುದೆಲ್ಲ ನಿಜವೇ? ಎಲ್ಲ ಕಿತ್ತು ಬಿಸಾಡಲಾ? ಇದರಲ್ಲಿ ಅವನಿಗೆ ದಾರಿ ಇದೆಯೇ?

ಉತ್ತರ: ಮೊದಲು ಒಂದು ಮಾತು. ಆ ಮೈಕ್ರೋವೇವ್ ಓವನ್ನನ್ನು ಅವನು ಬಿಚ್ಚಿಲ್ಲ ಅಂದರೆ ಇವತ್ತೇ ಮನೆಯಿಂದ ಹೊರಗೆ ಕಳಿಸಿ. ಈ ಉತ್ತರದ ಉಳಿದ ಭಾಗ ನಾಳೆ ಓದಿದರೂ ನಡೆಯುತ್ತೆ.

ನೀವು ಕಳಿಸಿದ ಫೋಟೋ ನೋಡಿದೆ. ಹತ್ತು ಕೆಪಾಸಿಟರ್ ಒಟ್ಟಿಗೆ ಕಟ್ಟಿದ್ದಾನೆ. ಪ್ರತಿಯೊಂದರ ಮೇಲೂ 450 ವೋಲ್ಟ್, 470 ಮೈಕ್ರೋಫ್ಯಾರಡ್ ಎಂದು ಅಚ್ಚಾಗಿದೆ. ಬ್ಯಾಟರಿ 12 ವೋಲ್ಟಿನದೇ, ಅದು ನಿಜ. ಆದರೆ ಬ್ಯಾಟರಿಗೂ ಕೆಪಾಸಿಟರ್‌ಗೂ ನಡುವೆ ಹಸಿರು ಬಣ್ಣದ ಸಣ್ಣ ಬೋರ್ಡ್ ಕಾಣುತ್ತದಲ್ಲ, ಅದರ ಕೆಲಸವೇ 12 ವೋಲ್ಟನ್ನು 400ರ ಹತ್ತಿರ ಏರಿಸುವುದು. 400 ವೋಲ್ಟಿಗೆ ತುಂಬಿದಾಗ ಆ ಹತ್ತೂ ಸೇರಿ ಹಿಡಿದಿಡುವ ಶಕ್ತಿ ಸುಮಾರು 375 ಜೌಲ್. ಹೃದಯ ತಾಳ ತಪ್ಪಿದ ರೋಗಿಗೆ ಆಸ್ಪತ್ರೆಯಲ್ಲಿ ಎದೆಗೆ ಶಾಕ್ ಕೊಡುವ ಯಂತ್ರ ಇದೆ, ಡಿಫಿಬ್ರಿಲೇಟರ್. ಅದರ ಅತಿ ಹೆಚ್ಚಿನ ಶಾಕ್ 360 ಜೌಲ್. ಅದನ್ನು ಕೊಡುವಾಗ ಡಾಕ್ಟರ್ ಎಲ್ಲರನ್ನೂ ಮಂಚದಿಂದ ದೂರ ಸರಿಯಲು ಹೇಳುತ್ತಾರೆ. ನಿಮ್ಮ ಮಗ ಅಷ್ಟೇ ಶಕ್ತಿಯನ್ನು ಓದುವ ಮೇಜಿನ ಮೇಲೆ, ತೆರೆದ ತಂತಿಯಲ್ಲಿ ಇಟ್ಟುಕೊಂಡಿದ್ದಾನೆ. ಒಂದು ಕೈಯಿಂದ ಇನ್ನೊಂದು ಕೈಗೆ ಅದು ಹರಿದರೆ ದಾರಿಯಲ್ಲಿ ಸಿಗುವುದು ಎದೆ.

ನಾನು ವೃತ್ತಿಯಲ್ಲಿದ್ದಷ್ಟು ಕಾಲ ಮಾಡಿದ್ದು ಇದೇ ಕೆಲಸ: ಶಕ್ತಿಯನ್ನು ನಿಧಾನಕ್ಕೆ ತುಂಬಿಸಿ, ಕಣ್ಣು ಮಿಟುಕಿಸುವುದರೊಳಗೆ ಹೊರಗೆ ಬಿಡುವುದು. ಆ ಅನುಭವದಿಂದ ಹೇಳುವುದಾದರೆ, ಹುಡುಗರು ಶಾಕ್ ತಿನ್ನುವುದು ಹಾರಿಸುವಾಗ ಅಲ್ಲ. ಹಾರಿಸಿ ಮುಗಿದ ಮೇಲೆ. 'ಖಾಲಿಯಾಯ್ತು' ಅಂದುಕೊಂಡು ತಂತಿ ಸರಿಪಡಿಸಲು ಕೈ ಹಾಕುತ್ತಾರೆ. ಒಮ್ಮೆ ಖಾಲಿ ಮಾಡಿದ ಕೆಪಾಸಿಟರ್‌ನಲ್ಲಿ ಸ್ವಲ್ಪ ಹೊತ್ತಿಗೆ ತಾನಾಗಿಯೇ ಒಂದಿಷ್ಟು ವೋಲ್ಟೇಜ್ ಮತ್ತೆ ಮೇಲೇಳುತ್ತದೆ ಅನ್ನುವುದು ಅವರಿಗೆ ಯಾರೂ ಹೇಳಿರುವುದಿಲ್ಲ. ಇನ್ನು ಕೆಲವರು ಸ್ಕ್ರೂಡ್ರೈವರ್ ಅಡ್ಡ ಇಟ್ಟು ಖಾಲಿ ಮಾಡುತ್ತಾರೆ. ಢಬ್ ಅಂತ ಸದ್ದು, ಬಿಳಿ ಕಿಡಿ, ಸ್ಕ್ರೂಡ್ರೈವರ್ ತುದಿಯಲ್ಲಿ ಜೋಳದ ಕಾಳಿನಷ್ಟು ಲೋಹ ಕರಗಿ ಹೋಗಿರುತ್ತದೆ. ಆ ಕರಗಿದ ಲೋಹ ಎಲ್ಲಿಗೆ ಹೋಯಿತು ಅಂತ ಯೋಚಿಸಿ. ಕಣ್ಣಿನ ಎತ್ತರಕ್ಕೇ ಅಲ್ವಾ ಮೇಜು ಇರುವುದು.

ಮೈಕ್ರೋವೇವ್ ಓವನ್ ಇದಕ್ಕಿಂತ ಕೆಟ್ಟದ್ದು. ಅದರ ಟ್ರಾನ್ಸ್‌ಫಾರ್ಮರ್ 2,000 ವೋಲ್ಟಿಗೂ ಮೇಲೆ ಕೊಡುತ್ತದೆ. ಕೆಪಾಸಿಟರ್ ಒಮ್ಮೆ ಹೊಡೆದು ಮುಗಿಯುತ್ತದೆ. ಇದು ಪ್ಲಗ್ ಕೀಳುವವರೆಗೂ ಕೊಡುತ್ತಲೇ ಇರುತ್ತದೆ. ಅನುಭವ ಇರುವ ಮೆಕ್ಯಾನಿಕ್‌ಗಳೂ ಇದನ್ನು ಮುಟ್ಟುವಾಗ ಹುಷಾರಾಗಿರುತ್ತಾರೆ.

ಅವನು ಹೇಳುವುದೆಲ್ಲ ನಿಜವೇ ಅಂತ ಕೇಳಿದ್ದೀರಿ. ಅರ್ಧ ನಿಜ. ಆ ಅರ್ಧ ಯಾವುದು ಅನ್ನುವುದೇ ಇಲ್ಲಿ ಮುಖ್ಯ.

ಲೇಸರ್ ವಿಷಯ ನಿಜ. 2025ರ ಏಪ್ರಿಲ್ 13ರಂದು ದೇಶದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಓ ನಿಮ್ಮ ಕರ್ನೂಲು ಜಿಲ್ಲೆಯ ಪರೀಕ್ಷಾ ವಲಯದಲ್ಲಿ ವಾಹನದ ಮೇಲೆ ಕೂರಿಸಿದ ಲೇಸರ್ ಅಸ್ತ್ರವನ್ನು ಪರೀಕ್ಷಿಸಿತು. ಹೆಸರು ಮಾರ್ಕ್ 2ಎ, ಶಕ್ತಿ 30 ಕಿಲೋವಾಟ್ ದರ್ಜೆ. ರೆಕ್ಕೆಯ ಡ್ರೋನನ್ನೂ ಡ್ರೋನುಗಳ ಗುಂಪನ್ನೂ ಅದು ಕೆಡವಿತು. ಇದನ್ನು ಕಟ್ಟುವುದರಲ್ಲಿ ಮುಂದಿದ್ದದ್ದು ಹೈದರಾಬಾದಿನ ಚೆಸ್ ಎಂಬ ಪ್ರಯೋಗಾಲಯ. ಅಮೆರಿಕದ ನೌಕಾಪಡೆ ಇದೇ ದರ್ಜೆಯ ಲೇಸರನ್ನು 2014ರಲ್ಲಿ ಪಾನ್ಸೆ ಎಂಬ ಹಡಗಿನ ಮೇಲೆ ಇಟ್ಟಿತ್ತು.

ಆದರೆ ಆಟದಲ್ಲಿ ನಿಮ್ಮ ಮಗ ನೋಡುವುದು ಬೇರೆ. ಅಲ್ಲಿ ಕೆಂಪು ಇಲ್ಲವೇ ನೀಲಿ ಗೆರೆ ಹೋಗುತ್ತದೆ, ಪ್ಯೂ ಅನ್ನುತ್ತದೆ, ಎದುರಿನದು ಚೂರಾಗುತ್ತದೆ. ನಿಜವಾದ ಅಸ್ತ್ರದ ಕಿರಣ ಕಣ್ಣಿಗೆ ಕಾಣುವುದೇ ಇಲ್ಲ. ಅದು ಅವಕೆಂಪು ಬೆಳಕು. ಸದ್ದೂ ಇಲ್ಲ. ಹತ್ತಿರದಿಂದ ನೋಡಿದರೆ ಮೊದಲು ಏನೂ ಆದಂತೆ ಅನ್ನಿಸುವುದಿಲ್ಲ. ಆಮೇಲೆ ಬಣ್ಣ ಗುಳ್ಳೆ ಏಳುತ್ತದೆ, ಹೊಗೆ ಬರುತ್ತದೆ, ನಾಣ್ಯದಷ್ಟು ಜಾಗ ಕೆಂಪಗಾಗಿ ಕುಸಿಯುತ್ತದೆ. ಬಿಸಿಲಿಗೆ ಭೂತಗನ್ನಡಿ ಹಿಡಿದು ಕಾಗದ ಸುಟ್ಟವರಿಗೆ ಗೊತ್ತು, ಕೈ ಅಲ್ಲಾಡಿದರೆ ಕಾಗದ ಹತ್ತುವುದಿಲ್ಲ. ಇಲ್ಲೂ ಅದೇ ಕಥೆ, ಅಷ್ಟೇ ಅಲ್ಲ, ಇಲ್ಲಿ ಕಾಗದ ಕಿಲೋಮೀಟರ್‌ಗಟ್ಟಲೆ ದೂರದಲ್ಲಿ ಹಾರುತ್ತಿರುತ್ತದೆ. ಆ ನಾಣ್ಯದಷ್ಟು ಚುಕ್ಕೆಯನ್ನು ಡ್ರೋನಿನ ಒಂದೇ ಜಾಗದ ಮೇಲೆ ಕೆಲವು ಸೆಕೆಂಡ್ ಕದಲದಂತೆ ನಿಲ್ಲಿಸುವುದೇ ಇಡೀ ವಿದ್ಯೆ. ಮಂಜು, ಮಳೆ, ಧೂಳು ಬಂದರೆ ಕಿರಣ ಸೊರಗುತ್ತದೆ. ಇದರ ಜೊತೆಗೆ ಬಿಸಿ. ಲೇಸರ್‌ಗೆ ಕೊಟ್ಟ ಕರೆಂಟಿನಲ್ಲಿ ಬೆಳಕಾಗಿ ಹೊರಬರುವುದು ಸುಮಾರು ಮೂರರಲ್ಲಿ ಒಂದು ಪಾಲು. 30 ಕಿಲೋವಾಟ್ ಕಿರಣ ಬಿಡಬೇಕೆಂದರೆ 60 ಕಿಲೋವಾಟ್ ಬಿಸಿಯನ್ನು ಅದೇ ವಾಹನದಿಂದ ಹೊರಗೆ ಹಾಕಬೇಕು. ಹಾಗಾಗಿ ಲೇಸರ್ ವಾಹನದಲ್ಲಿ ಜಾಸ್ತಿ ಜಾಗ ತಿನ್ನುವುದು ಲೇಸರ್ ಅಲ್ಲ, ಜನರೇಟರ್ ಮತ್ತು ಕೂಲಿಂಗ್.

ಆಟ ತೋರಿಸದೇ ಬಿಡುವುದು ಈ ಹಿಂಭಾಗವನ್ನೇ. ರೇಲ್‌ಗನ್ ವಿಷಯಕ್ಕೆ ಬಂದರೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ.

ಒಂದು ತಿದ್ದುಪಡಿ: ನಿಮ್ಮ ಮಗ ಕಟ್ಟಿದ್ದು ರೇಲ್‌ಗನ್ ಅಲ್ಲ, ಕಾಯಿಲ್‌ಗನ್. ಸುರುಳಿಯ ಅಯಸ್ಕಾಂತ ಮೊಳೆಯನ್ನು ಎಳೆಯುತ್ತದೆ. ರೇಲ್‌ಗನ್‌ನಲ್ಲಿ ಎರಡು ಲೋಹದ ಹಳಿ, ನಡುವೆ ಜಾರುವ ಒಂದು ತುಂಡು. ಒಂದು ಹಳಿಯಿಂದ ತುಂಡಿನ ಮೂಲಕ ಇನ್ನೊಂದಕ್ಕೆ ಲಕ್ಷಗಟ್ಟಲೆ ಆಂಪಿಯರ್ ಹರಿಸಿದರೆ ತುಂಡು ಮುಂದಕ್ಕೆ ಚಿಮ್ಮುತ್ತದೆ. ಅವನಿಗೆ ಈ ವ್ಯತ್ಯಾಸ ಗೊತ್ತಿರುತ್ತದೆ, ಕೇಳಿ ನೋಡಿ. ಗೇಮ್ ಅಭಿಮಾನಿಗಳು ಇಂಥದ್ದರಲ್ಲಿ ಸಡಿಲ ಇರಲ್ಲ.

1997ರಲ್ಲಿ ಬಂದ ಕ್ವೇಕ್ 2 ಆಟದ ರೇಲ್‌ಗನ್ ಈ ಅಸ್ತ್ರವನ್ನು ಹುಡುಗರ ಮನಸ್ಸಿನಲ್ಲಿ ಕೂರಿಸಿತು. ಮರುವರ್ಷದ ಮೆಟಲ್ ಗೇರ್ ಸಾಲಿಡ್ ಆಟದಲ್ಲಿ ಎರಡು ಕಾಲಿನಲ್ಲಿ ನಡೆಯುವ ಟ್ಯಾಂಕಿನ ಹೆಗಲಿಗೇ ರೇಲ್‌ಗನ್ ಬಂತು. ಆಟದಲ್ಲಿ ಕ್ಷಣಕ್ಕೊಂದು ಹೊಡೆತ. ಹೊರಗೆ ಆಗಿದ್ದು ಏನು? ಅಮೆರಿಕದ ನೌಕಾಪಡೆ 2010ರಲ್ಲಿ 33 ಮೆಗಾಜೌಲಿನ ಹೊಡೆತ ಹೊಡೆದು ದಾಖಲೆ ಮಾಡಿತು. ಕೇಳಲು ದೊಡ್ಡ ಸಂಖ್ಯೆ. ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಅದು ಒಂಬತ್ತು ಯೂನಿಟ್ ಚಿಲ್ಲರೆ. ನಿಮ್ಮ ಮನೆಯಲ್ಲಿ ಎರಡು ಮೂರು ದಿನಕ್ಕೆ ಅಷ್ಟು ಖರ್ಚಾಗಬಹುದು. ಕಷ್ಟ ಇರುವುದು ಅಷ್ಟನ್ನೂ ಸೆಕೆಂಡಿನ ನೂರರಲ್ಲಿ ಒಂದು ಭಾಗದಲ್ಲಿ ಬಿಡುವುದರಲ್ಲಿ. ಆ ಕ್ಷಣಕ್ಕೆ ಬೇಕಾಗುವುದು 3,300 ಮೆಗಾವಾಟ್. ಗಡಿಯಾಚೆ ಶಕ್ತಿನಗರದಲ್ಲಿರುವ ರಾಯಚೂರು ಶಾಖೋತ್ಪನ್ನ ಕೇಂದ್ರದ ಎಲ್ಲ ಘಟಕ ಸೇರಿ 1,720 ಮೆಗಾವಾಟ್. ಹಾಗಾಗಿ ಒಂದು ಕಟ್ಟಡ ತುಂಬ ಕೆಪಾಸಿಟರ್ ಇಟ್ಟುಕೊಂಡು ಅದರಲ್ಲಿ ಶಕ್ತಿ ಕೂಡಿಡಬೇಕು.

ಅಷ್ಟೆಲ್ಲ ಮಾಡಿದರೂ ಹಳಿ ಉಳಿಯುವುದಿಲ್ಲ. ಸಣ್ಣ ಪ್ರಯೋಗದಲ್ಲಿ ಬಳಸಿದ ಹಳಿಯನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಹೊಸದಾಗಿದ್ದಾಗ ಕನ್ನಡಿಯಂಥ ತಾಮ್ರ. ಬಳಸಿದ ಮೇಲೆ ಅದರ ಮೇಲೆ ಕರಗಿ ಮೆತ್ತಿಕೊಂಡ ಅಲ್ಯೂಮಿನಿಯಂ, ತುಂಡು ಹೊರಡುವ ಜಾಗದಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಕುಳಿ. ಅಮೆರಿಕ ಸುಮಾರು 50 ಕೋಟಿ ಡಾಲರ್ ಸುರಿದು, 2021ರಲ್ಲಿ ಆ ಯೋಜನೆ ನಿಲ್ಲಿಸಿತು. ನಳಿಗೆಯ ಬಾಳಿಕೆಯೂ ಒಂದಾದ ಮೇಲೊಂದು ಬೇಗ ಹೊಡೆಯುವುದೂ ಕೈಕೊಟ್ಟವು, ಅಷ್ಟರಲ್ಲಿ ದೂರ ಹೋಗುವ ಕ್ಷಿಪಣಿಗಳು ಬಂದವು. ಹಾಗಂತ ರೇಲ್‌ಗನ್ ಸುಳ್ಳು ಅಂತಲ್ಲ. ಜಪಾನ್ 2023ರ ಅಕ್ಟೋಬರಿನಲ್ಲಿ ಹಡಗಿನ ಮೇಲಿಂದ ಹಾರಿಸಿ ತೋರಿಸಿತು. ಅವರು ಶಕ್ತಿ ಕಡಿಮೆ ಇಟ್ಟುಕೊಂಡು ಹಳಿ ಉಳಿಸುವುದರ ಹಿಂದೆ ಬಿದ್ದರು. ಜಾಣತನ ಅನ್ನಿಸುತ್ತದೆ ನನಗೆ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಸೈನಿಕರಿಗೆ ಸಿನಿಮಾದ ಐರನ್ ಮ್ಯಾನ್ ಥರದ ಉಡುಪು ಮಾಡಲು ಅಮೆರಿಕ 2013ರಲ್ಲಿ ಹೊರಟು 2019ರಲ್ಲಿ ಕೈಬಿಟ್ಟಿತು. ಬೇಕಾದಷ್ಟು ಶಕ್ತಿಯನ್ನು ಬೆನ್ನ ಮೇಲೆ ಹೊರುವ ದಾರಿ ಸಿಗಲಿಲ್ಲ. ಅವರ ನಾಲ್ಕು ಕಾಲಿನ ಹೊರೆ ಹೊರುವ ರೋಬೋ 2015ರಲ್ಲಿ ಮೂಲೆ ಸೇರಿತು. ಕಾರಣ ಕೇಳಿದರೆ ನಗು ಬರುತ್ತದೆ: ಸದ್ದು ಜಾಸ್ತಿ, ಶತ್ರುವಿಗೆ ದೂರದಿಂದಲೇ ಕೇಳುತ್ತದೆ. ಮುಂದೆ ಬ್ಯಾಟರಿಯಲ್ಲಿ ಓಡುವ ಸಣ್ಣವು ಬಂದವು. 2025ರ ಜನವರಿಯಲ್ಲಿ ಪುಣೆಯ ಸೇನಾ ದಿನದ ಪಥಸಂಚಲನದಲ್ಲಿ ನಮ್ಮ ಸೇನೆಯ ರೋಬೋ ನಾಯಿಗಳು ನಡೆದವು. ಎರಡು ಕಾಲಿನ ಟ್ಯಾಂಕು ಮಾತ್ರ ಆಟದಲ್ಲೇ ಇರಲಿ. ಅಷ್ಟು ಭಾರ ಎರಡು ಪಾದದ ಮೇಲೆ ಬಿದ್ದರೆ ನಿಮ್ಮ ಸೀಮೆಯ ಎರೆ ಭೂಮಿಯಲ್ಲಿ ಮಳೆಗಾಲದಲ್ಲಿ ಏನಾಗುತ್ತೆ ಅಂತ ನಿಮಗೇ ಗೊತ್ತು.

ಈ ಹುಚ್ಚು ಹೊಸದೇನಲ್ಲ. ನಿಮ್ಮ ಆದೋನಿ ಕೋಟೆಯನ್ನು ಟಿಪ್ಪು 1786ರಲ್ಲಿ ಹಿಡಿದ. ಆ ಕಾಲದ ವಿಚಿತ್ರ ಅಸ್ತ್ರ ಅಂದರೆ ಮೈಸೂರಿನ ರಾಕೆಟ್. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಹಾಳು ಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ಸಿಕ್ಕವು. ಬಿದಿರು, ಕಾಗದದ ಬಾಣಗಳು ಎಲ್ಲೆಡೆ ಇದ್ದವು. ಮೈಸೂರಿನವರ ಗುಟ್ಟು ಕಬ್ಬಿಣದ ಕೊಳವೆ. ಒಳಗಿನ ಒತ್ತಡವನ್ನು ಅದು ತಡೆದುಕೊಂಡಿತು, ಅದಕ್ಕೇ ದೂರ ಹೋಯಿತು. ಚಿತ್ರ ಬರೆದವರೆಲ್ಲ ಬೆಂಕಿಯನ್ನು ಬರೆದರು, ಕೊಳವೆ ಬಡಿದ ಕಮ್ಮಾರನನ್ನು ಬರೆಯಲಿಲ್ಲ. ಮಗನಿಗೆ ಇದನ್ನು ಹೇಳಿ, ಅವನಿಗೆ ಹಿಡಿಸಬಹುದು.

ಈಗ ಪೊಲೀಸ್ ವಿಷಯ. ನಿಮ್ಮ ಪಕ್ಕದ ಮನೆಯವರು ಸುಮ್ನೆ ಹೆದರಿಸುತ್ತಿಲ್ಲ. ಮದ್ದು ಇಲ್ಲದಿದ್ದರೆ ಬಂದೂಕಲ್ಲ ಅನ್ನುವುದು ಹುಡುಗರ ನಂಬಿಕೆ. 1959ರ ಆಯುಧ ಕಾಯ್ದೆ ಹಾಗೆ ಹೇಳುವುದಿಲ್ಲ. ಸ್ಫೋಟಕದಿಂದಾಗಲಿ ಬೇರೆ ಬಗೆಯ ಶಕ್ತಿಯಿಂದಾಗಲಿ ಏನನ್ನಾದರೂ ಚಿಮ್ಮಿಸಲು ಮಾಡಿದ ಆಯುಧವೂ ಅದರ ಬಂದೂಕಿನ ವ್ಯಾಖ್ಯೆಯೊಳಗೆ ಬರುತ್ತದೆ. ಲೈಸೆನ್ಸ್ ಇಲ್ಲದೆ ತಯಾರಿಸುವುದು ಗಂಭೀರ ಅಪರಾಧ. ಮನೆಯಲ್ಲಿ ಮಾಡಿದ ಕಾಯಿಲ್‌ಗನ್ ಕೆಪಾಸಿಟರ್‌ನ ಶಕ್ತಿಯಲ್ಲಿ ಬಹಳ ಕಡಿಮೆ ಪಾಲನ್ನಷ್ಟೇ ಮೊಳೆಗೆ ಕೊಡುತ್ತದೆ, ಉಳಿದದ್ದು ತಂತಿಯಲ್ಲಿ ಬಿಸಿಯಾಗಿ ಹೋಗುತ್ತದೆ. ಆದರೆ ತಗಡು ತಗ್ಗಾಯಿತು ಅಂದರೆ ಕಣ್ಣು ಹೋಗುತ್ತದೆ. ಮೊಳೆ ಹಾರಿಸಿದ ವಿಡಿಯೋವನ್ನು ಗೆಳೆಯರ ಗುಂಪಿನಲ್ಲಿ ಹಾಕಿದ್ದರೆ ತೆಗೆಸಿ. 'ಗನ್ ಮಾಡಿದೆ' ಅಂತ ತಾನೇ ಬರೆದುಕೊಂಡ ಹುಡುಗನ ಪರವಾಗಿ ಮಾತಾಡುವುದು ವಕೀಲರಿಗೂ ಕಷ್ಟ.

ಓರ್ವಕಲ್ಲು ಪ್ರವಾಸ ಬೇಡ. ಇದರಲ್ಲಿ ಚೌಕಾಸಿ ಇಲ್ಲ. ರಕ್ಷಣಾ ಪರೀಕ್ಷಾ ವಲಯದ ಸುತ್ತ ಚಿತ್ರ ತೆಗೆಯುವುದು 1923ರ ಅಧಿಕೃತ ರಹಸ್ಯ ಕಾಯ್ದೆಯ ಕೈಗೆ ಸಿಕ್ಕಿಕೊಳ್ಳುವ ಕೆಲಸ. ಡ್ರೋನ್ 250 ಗ್ರಾಂ ಒಳಗಿದ್ದರೆ ಎಲ್ಲಿ ಬೇಕಾದರೂ ಹಾರಿಸಬಹುದು ಅಂತ ಹುಡುಗರು ಹೇಳುತ್ತಾರೆ. ತಪ್ಪು. 2021ರ ಡ್ರೋನ್ ನಿಯಮದಲ್ಲಿ ಸಣ್ಣ ಡ್ರೋನಿಗೆ ಪೈಲಟ್ ಪ್ರಮಾಣಪತ್ರ ಬೇಡ ಅಷ್ಟೇ. ಹಾರಾಟಕ್ಕೆ ತಡೆ ಇರುವ ಕೆಂಪು ವಲಯದಲ್ಲಿ ಕೇಂದ್ರದ ಅನುಮತಿ ಇಲ್ಲದೆ ಯಾವುದೂ ಹಾರುವಂತಿಲ್ಲ. ಡ್ರೋನ್ ಕೆಡವುವುದನ್ನು ಪರೀಕ್ಷಿಸುವ ಜಾಗಕ್ಕೇ ಡ್ರೋನ್ ಒಯ್ಯುವ ಯೋಚನೆ ಅದು ಹೇಗೆ ಬಂತೋ!

ಅಭಿಮಾನ ಎಲ್ಲಿಗೆ ಎಳೆಯುತ್ತದೆ ಅನ್ನುವುದಕ್ಕೆ ಅವನಿಗೆ ಗೊತ್ತಿರುವ ಉದಾಹರಣೆಯೇ ಇದೆ. ವಾರ್ ಥಂಡರ್ ಆಟದಲ್ಲಿ ಬ್ರಿಟನ್ನಿನ ಚಾಲೆಂಜರ್ 2 ಟ್ಯಾಂಕು ಸರಿಯಾಗಿಲ್ಲ ಎಂಬ ವಾದ ಗೆಲ್ಲಲು 2021ರಲ್ಲಿ ಒಬ್ಬ ಆಟಗಾರ ಆ ಟ್ಯಾಂಕಿನ ಗೋಪ್ಯ ಕೈಪಿಡಿಯ ಪುಟಗಳನ್ನೇ ಆನ್‌ಲೈನಿನಲ್ಲಿ ಹಾಕಿಬಿಟ್ಟ. ಆಮೇಲೂ ಬೇರೆ ದೇಶಗಳ ಟ್ಯಾಂಕಿನ ದಾಖಲೆ ಹೀಗೇ ಹೊರಬಂದವು. ದುಡ್ಡಿಗಲ್ಲ, ದ್ವೇಷಕ್ಕಲ್ಲ. 'ನಾನು ಹೇಳಿದ್ದೇ ಸರಿ' ಅನ್ನಿಸಿಕೊಳ್ಳಲು. ಇನ್ನೊಂದು ಕಡೆ, 2025ರ ಮೇ ತಿಂಗಳ ಭಾರತ-ಪಾಕ್ ಸಂಘರ್ಷದ ದಿನಗಳಲ್ಲಿ ಆರ್ಮಾ 3 ಆಟದ ತುಣುಕುಗಳು ನಿಜ ಯುದ್ಧ ಎಂದು ಎಲ್ಲರ ಫೋನಿನಲ್ಲೂ ಓಡಾಡಿದವು. ಅದನ್ನು ಮೊದಲ ನೋಟಕ್ಕೇ ಹಿಡಿಯಬಲ್ಲವರು ನಿಮ್ಮ ಮಗನಂಥ ಅಭಿಮಾನಿಗಳೇ. ಹಾಗಾಗಿ ಈ ಬಳಗವನ್ನು ಬರೀ ಹಾಳು ಚಟ ಅಂತ ತಳ್ಳಿಹಾಕಲು ನಾನು ಒಪ್ಪುವುದಿಲ್ಲ.

ಹಸಿರು ಲೇಸರ್ ಪೆನ್ನಿನ ಬಗ್ಗೆ: ಅಗ್ಗದ ಪೆನ್ನಿನ ಮೇಲೆ 5 ಮಿಲಿವಾಟ್ ಅಂತ ಬರೆದಿದ್ದರೂ ಒಳಗೆ ಅದರ ಎಷ್ಟೋ ಪಟ್ಟು ಇರಬಹುದು. ಜೊತೆಗೆ ಕಾಣದ ಅವಕೆಂಪು ಕಿರಣ ಸೋರುತ್ತದೆ. ಕಣ್ಣಿನ ಒಳಪರದೆ ಸುಟ್ಟರೆ ನೋವೇ ಆಗುವುದಿಲ್ಲ, ಚುಕ್ಕೆ ಉಳಿಯುತ್ತದೆ, ವಾಸಿಯಾಗುವುದಿಲ್ಲ. ಕುರುಡು ಮಾಡಲೆಂದೇ ಲೇಸರ್ ಬಳಸುವುದನ್ನು ಯುದ್ಧದಲ್ಲೂ 1995ರ ಅಂತರರಾಷ್ಟ್ರೀಯ ಒಪ್ಪಂದ ನಿಷೇಧಿಸಿದೆ. ಪೆನ್ನನ್ನು ವಾಪಸ್ ಕಳಿಸಿ.

ಹಾಗಾದರೆ ಎಲ್ಲ ಕಿತ್ತು ಬಿಸಾಡಲಾ ಅಂದರೆ, ಬೇಡ. ಮೊದಲನೆಯದಾಗಿ, ತುಂಬಿದ ಕೆಪಾಸಿಟರನ್ನು ಸಿಟ್ಟಿನಲ್ಲಿ ಕಿತ್ತರೆ ಶಾಕ್ ತಿನ್ನುವವರು ನೀವು. ಎರಡನೆಯದಾಗಿ, ಅವನು ಗೆಳೆಯನ ಮಾಳಿಗೆಯಲ್ಲಿ ಶುರು ಮಾಡುತ್ತಾನೆ, ನಿಮಗೆ ಗೊತ್ತೂ ಆಗುವುದಿಲ್ಲ. ನಿಮ್ಮ ಭಾವ ಹೇಳಿದ ಹಾಗೆ ಬಿಟ್ಟುಬಿಟ್ಟರೆ ಮೈಕ್ರೋವೇವ್ ಕಡೆಗೆ ಹೋಗುತ್ತಾನೆ. ಈ ಹುಡುಗರು ಒಂದು ಮೆಟ್ಟಿಲಲ್ಲಿ ನಿಲ್ಲುವುದಿಲ್ಲ.

ನಾನಾದರೆ ಹಾರಿಸುವುದನ್ನು ನಿಲ್ಲಿಸಿ ಅದರ ಹಿಂದಿನ ವಿದ್ಯೆಯನ್ನು ಮುಂದುವರಿಸಲು ಬಿಡುತ್ತೇನೆ. 24 ವೋಲ್ಟ್ ದಾಟಬಾರದು ಎಂಬ ಒಂದೇ ಕಟ್ಟುಪಾಡು. ಒಂದೆರಡು ಸಾವಿರ ರೂಪಾಯಿಯಲ್ಲಿ ಆರ್ಡುಇನೋ ಬೋರ್ಡು (ನಾವು ಬರೆದ ಆದೇಶದಂತೆ ಮೋಟರು ನಡೆಸುವ ಸಣ್ಣ ಕಂಪ್ಯೂಟರ್), ಹೇಳಿದಷ್ಟೇ ತಿರುಗುವ ಎರಡು ಸರ್ವೋ ಮೋಟರು, ಒಂದು ಹಳೇ ವೆಬ್ ಕ್ಯಾಮೆರಾ ಸಿಗುತ್ತದೆ. ಕಂಪ್ಯೂಟರ್ ಇಲ್ಲದಿದ್ದರೆ ಕಾಲೇಜಿನ ಲ್ಯಾಬಿನಲ್ಲಿ ಕೇಳಿ ನೋಡಲಿ. ಎಸೆದ ಚೆಂಡನ್ನು ಕ್ಯಾಮೆರಾ ತಾನಾಗಿ ಹಿಂಬಾಲಿಸಬೇಕು, ಅದು ಅವನಿಗೆ ಸವಾಲು. ಕೇಳಲು ಸಪ್ಪೆ ಅನ್ನಿಸುತ್ತದೆ, ಆದರೆ ಲೇಸರ್ ಅಸ್ತ್ರದಲ್ಲಿ ಅರ್ಧ ಕೆಲಸ ಇದೇ. ಮೊದಲ ವಾರ ಕ್ಯಾಮೆರಾ ಚೆಂಡಿನ ಹಿಂದೆ ಬಿದ್ದು ತಡವರಿಸುತ್ತದೆ, ಗಡಗಡ ನಡುಗುತ್ತದೆ. ಯಾಕೆ ನಡುಗುತ್ತೆ ಅಂತ ಹುಡುಕಲು ಹೊರಟರೆ ಅವನ ಎಂಪಿಸಿ ಗಣಿತಕ್ಕೆ ಮೊದಲ ಬಾರಿಗೆ ಒಂದು ಉಪಯೋಗ ಕಾಣುತ್ತದೆ. ಇದರ ಅಪಾಯ ಅಂದರೆ ಬೇಜಾರು. ಢಬ್ ಅನ್ನುವ ಸದ್ದು ಇದರಲ್ಲಿಲ್ಲ. ಅದಕ್ಕೆ ಮೊದಲೇ ತಯಾರಾಗಿರಿ.

ಮುಂದಿನ ದಾರಿ ಇದೆ. ಎಲೆಕ್ಟ್ರಾನಿಕ್ಸ್, ಎಲೆಕ್ಟ್ರಿಕಲ್, ಮೆಕ್ಯಾನಿಕಲ್ ಯಾವುದರಲ್ಲಾದರೂ ಎಂಜಿನಿಯರಿಂಗ್ ಮುಗಿಸಿ, ಎಂಜಿನಿಯರುಗಳಿಗೆ ನಡೆಯುವ ಗೇಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತಂದರೆ ಡಿಆರ್‌ಡಿಓದಲ್ಲಿ ವಿಜ್ಞಾನಿಗಳ ಮೊದಲ ಹಂತದ ಸೈಂಟಿಸ್ಟ್ ಬಿ ಹುದ್ದೆಗೆ ಅರ್ಜಿ ಹಾಕಬಹುದು, ಆಮೇಲೆ ಸಂದರ್ಶನ. ಡಿಪ್ಲೊಮಾ ಮತ್ತು ಐಟಿಐ ಮಾಡಿದವರಿಗೆ ತಾಂತ್ರಿಕ ಹುದ್ದೆಗಳು ಬೇರೆ ಇವೆ, ಅವುಗಳನ್ನು ಕಡಿಮೆ ಅಂತ ತಿಳಿಯಬೇಡಿ. ನಾನು ಕಂಡ ಒಳ್ಳೆಯ ಕೆಲಸಗಾರರಲ್ಲಿ ಹಲವರು ಹಾಗೆ ಬಂದವರು. ಸೇರಿದ ಮೇಲೆ ಲೇಸರ್ ವಿಭಾಗವೇ ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ, ಕೂಲಿಂಗ್ ಪೈಪಿನ ಲೆಕ್ಕ ಹಾಕುತ್ತಾ ಐದು ವರ್ಷ ಹೋಗಬಹುದು. ಕನ್ನಡ ಮಾಧ್ಯಮದಲ್ಲಿ ಓದಿದ್ದು ತೊಡಕಾಗುತ್ತದೆಯೇ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಮೊದಲ ಒಂದೆರಡು ವರ್ಷ ಇಂಗ್ಲಿಷ್ ಪಠ್ಯ ಕಷ್ಟವಾಗುತ್ತೆ. ಗೇಮ್ ಗುಂಪಿನಲ್ಲಿ ಅವನು ಇಂಗ್ಲಿಷಿನಲ್ಲೇ ಜಗಳ ಆಡುತ್ತಿದ್ದರೆ ಆ ಕಷ್ಟ ಆಗಲೇ ಅರ್ಧ ಕಳೆದಿದೆ.

ಅಂದ ಹಾಗೆ, 2025ರಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಲ್ಲಿಸಿದ್ದು ದುಡ್ಡು ಕಟ್ಟಿ ಆಡುವ ಆಟಗಳನ್ನು. ಅವನ ಆಟಗಳು ಅದರಲ್ಲಿ ಬರುವುದಿಲ್ಲ. ರಾತ್ರಿ ನಿದ್ದೆಗೆಟ್ಟು ಆಡಿದರೆ ಅದು ಬೇರೆ ಜಗಳ, ಅದನ್ನು ನೀವೇ ಆಡಿ.

ಕೊನೆಗೆ ಆ ಹತ್ತು ಕೆಪಾಸಿಟರ್‌ಗಳ ವಿಷಯ. ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಟಿವಿ ಇಲ್ಲವೇ ಇನ್ವರ್ಟರ್ ರಿಪೇರಿ ಗೊತ್ತಿರುವ ಒಬ್ಬರನ್ನು ಕರೆಸಿ. ಮೊದಲು ಬ್ಯಾಟರಿ ಬಿಚ್ಚಲಿ. ಆಮೇಲೆ ಸ್ಕ್ರೂಡ್ರೈವರ್‌ನಿಂದ ಅಲ್ಲ, ಕರೆಂಟನ್ನು ನಿಧಾನಕ್ಕೆ ಹರಿಯಬಿಡುವ ಸರಿಯಾದ ರೆಸಿಸ್ಟರ್ ಮೂಲಕ ಖಾಲಿ ಮಾಡಲಿ. ಮೀಟರ್ ಹಿಡಿದು ಸೊನ್ನೆ ಬಂದಿದೆ ಎಂದು ನೋಡಲಿ, ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಲಿ. ನಂತರ ಒಂದೊಂದನ್ನೂ ಬೇರೆ ಮಾಡಿ, ಎರಡು ಕಾಲಿಗೂ ಸೇರುವಂತೆ ತಂತಿ ಸುತ್ತಿ ಡಬ್ಬಿಯಲ್ಲಿಡಿ. ಅಟ್ಟದ ಮೇಲೆ ಬೇಡ, ಬೇಸಿಗೆಯಲ್ಲಿ ಅಲ್ಲಿ ಬಿಸಿ ಜಾಸ್ತಿ. ಬೋರ್ಡನ್ನು ರಿಪೇರಿಯವರಿಗೇ ಕೊಟ್ಟು ಕಳಿಸಿ.